ಕಬ್ಬಿಣ, ಇದ್ದಿಲು, ಇಪ್ಪತ್ನಾಲ್ಕು ಮರಿ

ಯಾರ ಮನೆಗೆ ಹೋದರೂ ನಾನು ಕಬ್ಬಿಣದ ಗೇಟನ್ನು ಮೊದಲು ಬಲಗೈಯ ಬೆನ್ನಿನಿಂದ ಮುಟ್ಟುತ್ತೇನೆ. ಒಂದೇ ಕ್ಷಣ, ಯಾರಿಗೂ ಕಾಣದ ಹಾಗೆ. ಆಮೇಲೆ ಅಂಗೈ ಹಾಕಿ ತೆಗೆಯುತ್ತೇನೆ. ದಾವಣಗೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವವಳು ನಾನು. ರಸ್ತೆ ಬದಿಯ ಗೇಟಿನಲ್ಲಿ ಕರೆಂಟು ಹರಿಯುವುದು ಎಷ್ಟು ಅಪರೂಪ ಎಂಬುದು ನನಗೆ ಗೊತ್ತು. ಕೈಗೆ ಗೊತ್ತಿಲ್ಲ. ಫ್ರಿಜ್ಜಿನ ಬಾಗಿಲು, ನಲ್ಲಿ, ಬ್ಯಾಂಕಿನ ಸರಳು, ಎಲ್ಲದಕ್ಕೂ ಅದು ಮೊದಲು ಬೆನ್ನು ಕೊಡುತ್ತದೆ. ಕರೆಂಟು ಹೊಡೆದಾಗ ಬೆರಳುಗಳು ಒಳಕ್ಕೆ ಮುದುಡುತ್ತವೆ. ಅಂಗೈಯಿಂದ ಹಿಡಿದಿದ್ದರೆ ಹಿಡಿದದ್ದು ಬಿಡುವುದಿಲ್ಲ. ವಿದ್ಯಾರ್ಥಿಗಳಿಗೆ ನಾನು ಈ ಅಭ್ಯಾಸ ಕಲಿಸುವುದಿಲ್ಲ, ಟೆಸ್ಟರ್ ಇಟ್ಟುಕೊಳ್ಳಿ, ಮೊದಲು ಸ್ವಿಚ್ಚು ಆರಿಸಿ ಎನ್ನುತ್ತೇನೆ. ಆದರೆ ನನಗೆ ಇದನ್ನು ಕಲಿಸಿದ್ದು ಪುಸ್ತಕವಲ್ಲ, ಹರಿಹರದ ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿದ್ದ ಒಂದು ಕೋಳಿ ಗೂಡು. ಅಪ್ಪ ತನ್ನ ಕೈಯಾರೆ ಕಟ್ಟಿದ ಒಂದೇ ಒಂದು ಮನೆ ಅದು. ಅದನ್ನೂ ಅವನು ಎರಡು ಸಲ ಕಟ್ಟಬೇಕಾಯಿತು.

ನಾವಿದ್ದದ್ದು ಶಿವಗಂಗಮ್ಮನವರ ಮನೆಯ ಹಿಂಭಾಗದಲ್ಲಿ. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಮೂರು ಕೋಣೆ. ಮೊದಲನೆಯದರಲ್ಲಿ ಅಪ್ಪನ ಸೈಕಲ್ಲು ಮತ್ತು ಮಂಚ, ನಡುವಿನದರಲ್ಲಿ ನಮ್ಮ ಹಾಸಿಗೆ, ಕೊನೆಯದು ಅಡುಗೆ ಮನೆ. ಅಡುಗೆ ಮನೆಯ ಬಾಗಿಲು ತೆರೆದರೆ ಹಿತ್ತಲು. ಅದು ಇಬ್ಬರಿಗೂ ಸೇರಿದ್ದು. ನಡುವೆ ಬಚ್ಚಲ ನೀರು ಹರಿಯುವ ಒಂದು ಗೇಣಿನ ಕಾಲುವೆ ಇತ್ತು. ಕಾಲುವೆಯ ಆಚೆ ಶಿವಗಂಗಮ್ಮನವರ ಹಿಂದಿನ ಪಡಸಾಲೆ, ಮಲ್ಲಿಗೆ ಬಳ್ಳಿ, ಪತ್ರೆ ಗಿಡ. ಈಚೆ ಬಚ್ಚಲು ಮನೆ, ಬಟ್ಟೆ ಒಗೆಯುವ ಕಲ್ಲು, ನಮ್ಮ ಸೌದೆ. ಶಿವಗಂಗಮ್ಮ ದಿನಾ ಬೆಳಿಗ್ಗೆ ಆ ಪಡಸಾಲೆಯಲ್ಲಿ ಮರದ ಮಣೆ ಹಾಕಿಕೊಂಡು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂರುತ್ತಿದ್ದರು. ಮನೆ ಕೊಡುವಾಗಲೇ ಮಾಂಸ, ಮೊಟ್ಟೆ ಬೇಯಿಸಬಾರದು ಎಂದು ಹೇಳಿದ್ದರು. ಅಮ್ಮ ಒಪ್ಪಿದ್ದಳು. ನಮಗೆ ಬಾಡಿನ ಊಟವೆಂದರೆ ಭಾನುವಳ್ಳಿಯ ಚಿಕ್ಕಪ್ಪನ ಮನೆಗೆ ಹೋದಾಗ ಮಾತ್ರ. ಹರಿಹರದಲ್ಲಿ ರೊಟ್ಟಿ, ಕಾಳು ಪಲ್ಯ, ಅನ್ನ ಸಾರು, ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ.

ಆ ಭಾನುವಳ್ಳಿಯಿಂದ ಅಜ್ಜಿ ಬಂದಳು. ಅಪ್ಪನ ತಾಯಿ, ಹಾಲಮ್ಮ. ಕಣ್ಣಿನ ಪೊರೆ ತೆಗೆಸಲು ದಾವಣಗೆರೆಗೆ ಕರೆದೊಯ್ದು, ಆಪರೇಷನ್ ಆದ ಮೇಲೆ ಅಪ್ಪ ಅವಳನ್ನು ಊರಿಗೆ ಬಿಡದೆ ನಮ್ಮಲ್ಲಿಗೆ ಕರೆತಂದಿದ್ದ. ನಲವತ್ತು ದಿನದ ಪಥ್ಯ ಮುಗಿಯಿತು, ಹಸಿರು ಪಟ್ಟಿ ಹೋಗಿ ಕನ್ನಡಕ ಬಂತು, ಅಜ್ಜಿಯ ತಗಡಿನ ಟ್ರಂಕು ಮಾತ್ರ ಮಂಚದ ಕಾಲ ಬಳಿ ಹಾಗೇ ಇತ್ತು. ಸೀರೆಗಳು ಅದರೊಳಗೇ. ಒಂದನ್ನು ಉಟ್ಟರೆ ಇನ್ನೊಂದನ್ನು ಮಡಿಸಿ ಅದಕ್ಕೇ ಹಾಕಿ ಚಿಲಕ ಹಾಕುತ್ತಿದ್ದಳು. ಅಮ್ಮ ಗೋಡೆಯ ಗೂಡಿನಲ್ಲಿ ಜಾಗ ಮಾಡಿ ಕೊಟ್ಟರೂ ಇಡಲಿಲ್ಲ. ಶನಿವಾರ ಬಂತೆಂದರೆ ಸೋಮವಾರದ ಬಸ್ಸಿನ ಮಾತು ಶುರು. ಅಪ್ಪ ಊಟದ ತಟ್ಟೆಯ ಮೇಲೆ ತಲೆ ಬಗ್ಗಿಸಿಕೊಂಡು ಕೇಳುತ್ತಿದ್ದ. ಅವನ ವಿಷಯ ಆಗ ನನಗೆ ಅಷ್ಟು ತಿಳಿಯುತ್ತಿರಲಿಲ್ಲ. ಹತ್ತು ವರ್ಷದವನಿದ್ದಾಗ ಅವನನ್ನು ಕೆಲಸ ಕಲಿಯಲಿ ಎಂದು ಹರಿಹರದ ಸೋದರಮಾವನ ಮನೆಗೆ ಕಳಿಸಿದ್ದರು. ಅಂದಿನಿಂದ ತಾಯಿಯ ಜೊತೆ ಒಂದೇ ಸೂರಿನಡಿ ಅವನು ಒಂದು ವಾರಕ್ಕಿಂತ ಹೆಚ್ಚು ಇದ್ದದ್ದೇ ಇಲ್ಲ. ಈಗ, ನಲವತ್ತರ ಹತ್ತಿರ, ಆಪರೇಷನ್ನಿನ ನೆಪದಲ್ಲಿ ಸಿಕ್ಕಿದ್ದಳು. ಅವನಿಗೆ ಬಿಡುವ ಮನಸ್ಸಿರಲಿಲ್ಲ. ಆದರೆ ಇರು ಎಂದು ಬಾಯಿಬಿಟ್ಟು ಕೇಳುವ ರೂಢಿಯೂ ಇರಲಿಲ್ಲ.

ಒಂದು ಶನಿವಾರ ಕೇಳಿದ.

"ಇಲ್ಲೇನು ಕಡಿಮೆ ಐತವ್ವ ನಿಂಗೆ?"

"ಕಡಿಮೆ ಏನಿಲ್ಲಪ್ಪ. ನಿನ್ನ ಹೆಂಡ್ತಿ ಹೂವಿನಂಗೆ ನೋಡ್ಕೊಂತಾಳೆ. ಕೈಗೆ ಕೆಲಸಿಲ್ಲ ನೋಡು. ಬೆಳಕಾದ್ರೆ ಒಂದು ಕೋಳಿ ಕೂಗಲ್ಲ. ಇನ್ನೂ ಆಸ್ಪತ್ರ್ಯಾಗೇ ಇದ್ದಂಗೆ ಆಗ್ತೈತೆ."

"ಕೋಳಿ ಇದ್ರೆ ಇರ್ತೀಯೇನು?"

ಅಜ್ಜಿ ನಕ್ಕಳು. ಲಿಂಗಾಯತರ ಮನೆಯಲ್ಲಿ ಬಾಡಿಗೆಗಿದ್ದು ಕೋಳಿ ಸಾಕುವವನನ್ನು ನಾನು ನೋಡಿಲ್ಲ ಎಂದಳು. ಅಪ್ಪ ಕೈ ತೊಳೆದು, ಅಂಗಿ ಹಾಕಿಕೊಂಡು ಮುಂದಿನ ಬಾಗಿಲಿಗೆ ಹೋದ. ನಾನೂ ಹಿಂದೆಯೇ ಹೋದೆ. ಶಿವಗಂಗಮ್ಮ ಎಲೆ ಅಡಿಕೆ ಮೆಲ್ಲುತ್ತಾ ಪೂರ್ತಿ ಕೇಳಿಸಿಕೊಂಡರು. ಅಷ್ಟರಲ್ಲಿ ಅಜ್ಜಿಯೇ ಗೋಡೆ ಹಿಡಿದುಕೊಂಡು ಬಂದು ನಿಂತಳು. ಸಾಕಲಿಕ್ಕೆ ಕೇಳುತ್ತಿದ್ದೇವೆ, ಸಾರಿಗಲ್ಲ ಎಂದಳು. ಶಿವಗಂಗಮ್ಮನವರ ತುಟಿ ಅಲುಗಿತು. ಸರಿ ಎಂದರು. ಆದರೆ ಕೊಯ್ಯುವುದು ಈ ಮನೆಯಲ್ಲಿಲ್ಲ, ಬೆಕ್ಕು ನಾಯಿ ಬಂದು ಹಿತ್ತಲಲ್ಲಿ ರಕ್ತ ಮಾಡಿದರೆ ಅವತ್ತೇ ಕೋಳಿ ಹೊರಗೆ. ಇನ್ನೊಂದು ಮಾತು.

"ಕಾಲುವೆ ಈಚೆ ಅವು ಬರಬಾರ್ದು. ಆಚೆ ನಾನು ಬರಲ್ಲ."

ಮರುದಿನವೇ ಅಪ್ಪ ಹಿತ್ತಲಲ್ಲಿ ಗೂಟ ಹೊಡೆದು ದಾರ ಕಟ್ಟಿದ. ಅವನು ಫ್ಯಾಕ್ಟರಿಯಲ್ಲಿ ಫಿಟ್ಟರ್. ಒಂದು ನೂಲಿನಷ್ಟು ವ್ಯತ್ಯಾಸವಾದರೆ ಊಟ ರುಚಿಸದವನು. ಅಮ್ಮ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದರೂ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡುವವನು. ಕೋಳಿ ಗೂಡೆಂದರೆ ಬಿದಿರು ಬುಟ್ಟಿ ಮಗುಚಿ ಮೇಲೆ ಕಲ್ಲಿಡುವುದು ಎಂದು ತಿಳಿದಿದ್ದ ಅಜ್ಜಿಗೆ ಅವನು ಕಾಗದದ ಮೇಲೆ ನಕ್ಷೆ ಬರೆದು ತೋರಿಸಿದ. ಗುಜರಿ ಅಂಗಡಿಯಿಂದ ಕಬ್ಬಿಣದ ಪಟ್ಟಿ ತಂದು, ಗೆಳೆಯನ ವರ್ಕ್‌ಶಾಪಿನಲ್ಲಿ ಬೆಸೆಸಿ ಚೌಕಟ್ಟು ಮಾಡಿಸಿದ. ಸುತ್ತ ಕಬ್ಬಿಣದ ಜಾಲರಿ, ಬಾಗಿಲಿಗೂ ಜಾಲರಿ. ತಳಕ್ಕೆ ಯಂತ್ರ ಬರುವ ಪೆಟ್ಟಿಗೆಗಳ ಹಲಗೆ, ಕೆಳಗೆ ಮರದ ನಾಲ್ಕು ಕಾಲು. ಮೂರು ಭಾನುವಾರ ಹಿತ್ತಲಲ್ಲಿ ಅದೇ ಸದ್ದು. ನಾನು ಮೊಳೆ ಕೊಡುವವಳು, ಅಮ್ಮ ಹಲಗೆ ಹಿಡಿಯುವವಳು, ಅಜ್ಜಿ ತಪ್ಪು ಹುಡುಕುವವಳು. ಬಾಗಿಲು ಕೂರಿಸಿದ ದಿನ ಅಪ್ಪ ಸಂದಿಯಲ್ಲಿ ಸುತ್ತಲೂ ಒಂದು ಪೋಸ್ಟ್ ಕಾರ್ಡ್ ತೂರಿಸಿ ನೋಡಿದ. ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ, ಎಲ್ಲಿಯೂ ಸಡಿಲವಾಗಲಿಲ್ಲ. ಶಿವಗಂಗಮ್ಮ ತಮ್ಮ ಪಡಸಾಲೆಯಿಂದಲೇ ಕೇಳಿದರು.

"ಮಂಜಪ್ಪ, ಈ ಜೈಲು ಕೋಳಿಗೋ, ಕಳ್ಳರಿಗೋ?"

"ಬೆಕ್ಕಿಗೆ ಅಮ್ಮಾರೆ. ಒಳಗೆ ಬರಾಕೆ ಆಗಬಾರ್ದು."

"ಕೋಳಿಗಾದ್ರೂ ಬರಾಕೆ ಆಗ್ತೈತೋ ಇಲ್ಲೋ ನೋಡು."

ಮರಿ ತರಲು ನಾನೂ ಅಪ್ಪನೂ ದಾವಣಗೆರೆಗೆ ಹೋದೆವು. ಹುಟ್ಟಿ ಒಂದು ದಿನವಾದ ಇಪ್ಪತ್ತೈದು ಮರಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ. ಬಸ್ ನಿಲ್ದಾಣದ ಹತ್ತಿರ ಅಪ್ಪ ನನಗೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದ. ತಾನು ತಿನ್ನಲಿಲ್ಲ, ಪೆಟ್ಟಿಗೆಯ ಮೇಲೆ ಬಿಸಿಲು ಬೀಳದ ಹಾಗೆ ಟವೆಲು ಹಿಡಿದು ನಿಂತಿದ್ದ. ಬಸ್ಸಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಇಂಜಿನ್ನಿನ ಸದ್ದಿನ ಮೇಲೆ ಕೇಳುವಷ್ಟು ಚಿಂವ್‌ಗುಡುತ್ತಿದ್ದವು. ಕಂಡಕ್ಟರ್ ತೂತಿನೊಳಗೆ ಇಣುಕಿ, ಇಷ್ಟು ಜನಕ್ಕೂ ಎರಡೇ ಟಿಕೆಟ್ಟೇನ್ರೀ ಎಂದ. ಹದಿನಾಲ್ಕು ಕಿಲೋಮೀಟರು ದಾರಿಯಲ್ಲಿ ಅಪ್ಪ ಹತ್ತು ಸಲವಾದರೂ ಮುಚ್ಚಳ ಸರಿಸಿ ನೋಡಿರಬೇಕು.

ಮೊದಲ ಮೂರು ವಾರ ಅವು ಅಡುಗೆ ಮನೆಯ ಮೂಲೆಯಲ್ಲಿ ಆ ಪೆಟ್ಟಿಗೆಯಲ್ಲೇ ಬೆಳೆದವು. ಮೇಲೆ ಒಂದು ಬಲ್ಬು ಇಳಿಬಿಟ್ಟಿದ್ದೆವು, ಕಾವಿಗೆ. ಅಜ್ಜಿಗೆ ಇದು ಸರಿಬರಲಿಲ್ಲ. ಕಾವು ಕೂತ ಕೋಳಿಯ ರೆಕ್ಕೆಯಡಿ ಮರಿ ಬೆಳೆಯುವುದನ್ನು ನೋಡಿದವಳು ಅವಳು. ಇವಕ್ಕೆ "ಕರೆಂಟಿನ ಮಕ್ಳು" ಎಂದು ಹೆಸರಿಟ್ಟಳು. ಎರಡು ದಿನ ಆ ಮೂಲೆಗೆ ಬೆನ್ನು ಹಾಕಿ ಕೂತಳು. ಮೂರನೆಯ ದಿನ ಸಂಜೆ ಕರೆಂಟು ಹೋಯಿತು. ಮರಿಗಳೆಲ್ಲ ಒಂದರ ಮೇಲೊಂದು ಬಿದ್ದು ನಡುಗತೊಡಗಿದವು. ಅಮ್ಮನಿಗೆ ಕೈಕಾಲು ಆಡಲಿಲ್ಲ. ಅಜ್ಜಿ ಎದ್ದು, ಒಲೆಯ ಬೂದಿ ಬಿಸಿಮಾಡಿ ಒಂದು ಮಡಕೆಗೆ ತುಂಬಿ, ಬಟ್ಟೆ ಸುತ್ತಿ ಪೆಟ್ಟಿಗೆಯ ನಡುವೆ ಇಟ್ಟಳು. ಮರಿಗಳು ಮಡಕೆಗೆ ಆತುಕೊಂಡವು. ಅವತ್ತಿನಿಂದ ಆ ಮೂಲೆ ಅವಳದಾಯಿತು. ನುಚ್ಚು ಬಾಯಲ್ಲಿ ಅಗಿದು ಹಾಕುವಳು, ಸೋತ ಮರಿಯನ್ನು ಸೆರಗಿನಲ್ಲಿಟ್ಟುಕೊಳ್ಳುವಳು. ಒಂದು ಸತ್ತಿತು, ಇಪ್ಪತ್ನಾಲ್ಕು ಉಳಿದವು. ಸೋಮವಾರದ ಬಸ್ಸಿನ ಮಾತು ಒಂದು ವಾರ ಬರಲಿಲ್ಲ, ಇನ್ನೊಂದು ವಾರವೂ ಬರಲಿಲ್ಲ. ಆದರೆ ಟ್ರಂಕು ಅಲ್ಲೇ ಇತ್ತು, ಚಿಲಕವೂ ಹಾಕೇ ಇತ್ತು. ಮರಿ ದೊಡ್ಡವಾಗಲಿ, ಆಮೇಲೆ ಹೋಗುತ್ತೇನೆ ಎಂದಳು ಒಮ್ಮೆ. ಅಪ್ಪ ಆ ಮಾತನ್ನು ಕೇಳಿಸಿಕೊಂಡದ್ದನ್ನು ನಾನು ನೋಡಿದೆ.

ಭಾನುವಾರ ಮಧ್ಯಾಹ್ನ ಮರಿಗಳನ್ನು ಗೂಡಿಗೆ ಬಿಟ್ಟೆವು. ಹಲಗೆಯ ಮೇಲೆ ಭತ್ತದ ಹೊಟ್ಟು ಬೆರಳುದ್ದ ಹರಡಿತ್ತು. ಅಜ್ಜಿ ಸೆರಗಿನಲ್ಲಿ ನಾಲ್ಕು ನಾಲ್ಕಾಗಿ ತಂದು, ಪ್ರತಿ ಸಲವೂ ಬಲಗಾಲು ಮುಂದಿಟ್ಟು ಗೂಡಿನ ಮುಂದೆ ನಿಂತು ಒಳಗೆ ಬಿಟ್ಟಳು, ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಹಾಗೆ. ಬಚ್ಚಲು ಮನೆಯಿಂದ ವೈರು ಎಳೆದು, ಮೇಲಿನ ಪಟ್ಟಿಗೆ ಬೆಸೆದಿದ್ದ ಒಂದು ಕೊಂಡಿಯಿಂದ ಅಪ್ಪ ಬಲ್ಬು ಇಳಿಬಿಟ್ಟ. ಆಗ ಅಜ್ಜಿ ತನ್ನ ಟ್ರಂಕಿನಿಂದ ಹಿಡಿಯಿಲ್ಲದ ಹಳೆಯ ಕುಡುಗೋಲು, ಬಟ್ಟೆಯಲ್ಲಿ ಕಟ್ಟಿದ ಇದ್ದಿಲು ತಂದಳು. ಮೊಟ್ಟೆ ಕಾವಿಗಿಟ್ಟಾಗ, ಮರಿಯಾದಾಗ ಇವು ಹತ್ತಿರವಿರಬೇಕು. ಗುಡುಗು, ಸಿಡಿಲು, ಕೆಟ್ಟ ಕಣ್ಣು ಒಂದೂ ತಾಗುವುದಿಲ್ಲ. ಊರಲ್ಲಿ ಪ್ರತಿ ಬುಟ್ಟಿಯಲ್ಲೂ ಇಡುತ್ತಿದ್ದರು.

"ತಾಯಿ ರೆಕ್ಕೆ ಇಲ್ಲ ಇವಕ್ಕೆ. ಇದಾದ್ರೂ ಇರ್ಲಿ."

ಅಪ್ಪ ನಗಲಿಲ್ಲ. ತಾಯಿ ಒಂದು ವಸ್ತುವನ್ನು ಟ್ರಂಕಿನಿಂದ ಹೊರತೆಗೆದು ನಮ್ಮ ಮನೆಯಲ್ಲಿ ಇಟ್ಟದ್ದು ಅದೇ ಮೊದಲು. ಅವನು ಇದ್ದಿಲಿನ ಗಂಟನ್ನೂ ಕುಡುಗೋಲನ್ನೂ ಅದೇ ಕೊಂಡಿಗೆ, ವೈರಿನ ಪಕ್ಕಕ್ಕೆ, ತಂತಿ ಸುತ್ತಿ ಕಟ್ಟಿದ. ಜೋತಾಡುವ ವಸ್ತು ಅವನ ಕಣ್ಣಿಗೆ ಆಗದು. ಇಕ್ಕಳ ತೆಗೆದುಕೊಂಡು ತಂತಿಯನ್ನು ಇನ್ನೆರಡು ಸುತ್ತು ಬಿಗಿದ, ಮತ್ತೊಂದು ಸುತ್ತು ಬಿಗಿದ. ಕುಡುಗೋಲು ಅಲುಗಾಡದೆ ನಿಂತಿತು. ಆಗ ಕರೆಂಟು ಇರಲಿಲ್ಲ. ಅದು ಬಂದದ್ದು ನಾಲ್ಕು ಗಂಟೆಗೆ. ಗೂಡಿನೊಳಗೆ ಬಲ್ಬು ಹಳದಿಯಾಗಿ ಹತ್ತಿಕೊಂಡಿತು, ಮರಿಗಳು ಅದರಡಿ ಓಡಿ ಬಂದು ಸೇರಿದವು, ನಾವು ನಾಲ್ವರೂ ನಿಂತು ನೋಡಿದೆವು.

ಸಂಜೆ ಬೆಕ್ಕು ಬಂತು. ಓಣಿಯ ಕರಿಬಿಳಿ ಗಡವ, ಶಿವಗಂಗಮ್ಮನವರ ಹಾಲು ಎಷ್ಟೋ ಸಲ ಕುಡಿದು ಹೋದದ್ದು. ಒಗೆಯುವ ಕಲ್ಲಿನ ಒದ್ದೆಯ ಮೇಲೆ ಕೂತು ಬಹಳ ಹೊತ್ತು ನೋಡಿತು. ಆಮೇಲೆ ಗೂಡಿನ ಹತ್ತಿರ ಬಂದು ಹಿಂಗಾಲಿನ ಮೇಲೆ ಎದ್ದು ಮುಂಗಾಲೆರಡನ್ನೂ ಜಾಲರಿಗೆ ಊರಿತು. ಅದು ಕೂಗಿದ ಕೂಗನ್ನು ನಾನು ಮತ್ತೆ ಯಾವ ಬೆಕ್ಕಿನ ಬಾಯಲ್ಲೂ ಕೇಳಿಲ್ಲ. ಒಂದಾಳು ಎತ್ತರ ಹಾರಿ, ಗೋಡೆ ದಾಟಿ, ಕಾಣದಾಯಿತು. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಾಲುವೆಯ ಆಚೆ ಶಿವಗಂಗಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಅಜ್ಜಿ ಗೂಡಿಗೆ ಕೈ ಮುಗಿದಳು.

"ಕಂಡ್ರೇನು ಕಬ್ಬಿಣದ ಆಟ?"

ಅಪ್ಪ ತಾಯಿಯ ಪಕ್ಕ ನಿಂತು ನಗುತ್ತಿದ್ದ. ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನಮ್ಮ ನಾಲ್ವರಲ್ಲಿ ಒಬ್ಬರಿಗಾದರೂ ಬೇರೆ ಕಾರಣ ಹೊಳೆಯಬೇಕಿತ್ತು. ಒಬ್ಬಳಿಗೆ ಹೊಳೆಯಿತು. ಕತ್ತಲಾಗುವ ಮುಂಚೆ ನಾನು ನುಚ್ಚು ಹಾಕಲು ಹೋಗಿದ್ದೆ. ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಜಾಲರಿಗೆ ಬೆರಳು ತಾಗಿದಾಗ ಜುಮ್ ಎಂದಿತು, ಇರುವೆ ಹರಿದ ಹಾಗೆ. ಇನ್ನೊಮ್ಮೆ ಮುಟ್ಟಿದೆ. ಮತ್ತೆ ಜುಮ್. ನಾನು ಆಗ ಏಳನೆಯ ಕ್ಲಾಸು. ಕಬ್ಬಿಣ ವಿದ್ಯುತ್ತಿನ ವಾಹಕ, ಒಣ ಮರ ಮತ್ತು ರಬ್ಬರು ಅಲ್ಲ ಎಂದು ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಒಳಗೆ ಹೋದೆ. ಅಜ್ಜಿ ಬೆಕ್ಕು ಹಾರಿದ್ದನ್ನು ಅಭಿನಯಿಸಿ ತೋರಿಸುತ್ತಿದ್ದಳು, ಅಪ್ಪ ಇನ್ನೂ ನಗುತ್ತಿದ್ದ. ನಾನು ಏನೂ ಹೇಳಲಿಲ್ಲ. ಕೂತು ನಾನೂ ನಕ್ಕೆ.

ಸೋಮವಾರ ಬೆಳಿಗ್ಗೆ ಮತ್ತೆ ಕರೆಂಟು ಇರಲಿಲ್ಲ. ಅಪ್ಪ ಮೊದಲ ಪಾಳಿಗೆ ಹೋಗಿದ್ದ. ಅಮ್ಮ ನೀರು ಹಿಡಿಯಲು ಬೀದಿ ನಲ್ಲಿಗೆ ಹೋಗಿದ್ದಳು. ನಾನು ಅಡುಗೆ ಮನೆಯ ಮೆಟ್ಟಿಲ ಮೇಲೆ ಕೂತು ಹಲ್ಲುಜ್ಜುತ್ತಿದ್ದೆ. ಅಜ್ಜಿ ಹಿತ್ತಲಿಗೆಲ್ಲ ನೀರು ಹಾಕಿ ತೊಳೆದಿದ್ದಳು. ಬರಿಗಾಲು, ಸೀರೆಯ ಅಂಚು ಒದ್ದೆ. ಗೂಡಿನ ಬಾಗಿಲು ತೆರೆದು, ಎಡಗೈಯಲ್ಲಿ ಬಾಗಿಲ ಜಾಲರಿ ಹಿಡಿದುಕೊಂಡು, ಬಲಗೈಯಲ್ಲಿ ನೀರಿನ ತಟ್ಟೆ ಒಳಗಿಡಲು ಬಗ್ಗಿದಳು. ಆಚೆ ಶಿವಗಂಗಮ್ಮ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಆಗ ಬಲ್ಬು ಹತ್ತಿತು.

ಆ ಕಾಲದಲ್ಲಿ ಕರೆಂಟು ಬಂದರೆ ಇಡೀ ಓಣಿಯ ಮಕ್ಕಳು ಕೂಗುತ್ತಿದ್ದೆವು. ನಾನೂ ಕೂಗಿದೆ.

"ಕರೆಂಟ್ ಬಂತು!"

ಬಾಯಿ ತುಂಬ ನೊರೆ, ಕೈ ಮೇಲೆತ್ತಿ, ಖುಷಿಯಿಂದ. ಅಜ್ಜಿ ಈಗ ತಿರುಗಿ ಹೌದೇನೇ ಎನ್ನುತ್ತಾಳೆ ಎಂದು ಕಾದೆ. ಅವಳು ತಿರುಗಲಿಲ್ಲ. ತಟ್ಟೆ ಕೈಯಿಂದ ಬಿತ್ತು. ಅವಳ ಬೆನ್ನು ನೆಟ್ಟಗಾಯಿತು, ಹಗ್ಗ ಹಾಕಿ ಮೇಲಕ್ಕೆ ಎಳೆದ ಹಾಗೆ. ಎಡಗೈ ಜಾಲರಿಯನ್ನು ಹಿಡಿದೇ ಇತ್ತು, ಮೊಣಕೈ ಅದುರುತ್ತಿತ್ತು. ಬಾಯಿಂದ ಒಂದು ಸಣ್ಣ ಸದ್ದು ಬರುತ್ತಿತ್ತು, ಮಾತಲ್ಲ, ಗೊರಕೆಯೂ ಅಲ್ಲ. ನಾನು ಎಷ್ಟು ಹೊತ್ತು ಹಾಗೇ ಕೂತಿದ್ದೆನೋ. ಒಂದು ಉಸಿರಿನಷ್ಟು ಇರಬಹುದು ಎಂದು ಆಮೇಲೆ ಶಿವಗಂಗಮ್ಮ ಹೇಳಿದರು. ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ. ಪಾಠದ ನಡುವೆ, ಬಸ್ಸಿನ ಕಿಟಕಿಯಲ್ಲಿ, ಹಾಲು ಉಕ್ಕುವುದನ್ನು ಕಾಯುತ್ತಾ ನಿಂತಾಗ ಆ ಬಲ್ಬು ಹತ್ತುತ್ತದೆ, ನಾನು ಕೂಗುತ್ತೇನೆ, ಆ ಬೆನ್ನು ನೆಟ್ಟಗಾಗುತ್ತದೆ. ಅವತ್ತು ನಾನು ಎದ್ದು ಓಡಿದೆ. ಎರಡೂ ಕೈ ಚಾಚಿ, ಅಜ್ಜಿಯ ಸೊಂಟ ತಬ್ಬಿ ಎಳೆಯಲು. ಇನ್ನೊಂದು ಹೆಜ್ಜೆ ಇತ್ತು.

"ಮುಟ್ಟಬ್ಯಾಡ ರೇಣಿ! ಹೋಗು, ಬಚ್ಚಲ ಸ್ವಿಚ್ಚು ಆರ್ಸು!"

ಶಿವಗಂಗಮ್ಮನವರ ಆ ದನಿಗೆ ನನ್ನ ಕಾಲು ನಿಂತವು, ತಿರುಗಿದವು. ಬಚ್ಚಲು ಮನೆಗೆ ಓಡುವಾಗ ಕಣ್ಣಂಚಿನಲ್ಲಿ ಕಂಡದ್ದು ಇಷ್ಟು: ಶಿವಗಂಗಮ್ಮ ತಾವು ಕೂತಿದ್ದ ಮರದ ಮಣೆಯನ್ನು ಎತ್ತಿಕೊಂಡು, ಸೀರೆ ಮೊಣಕಾಲಿಗೆ ಎಳೆದುಕೊಂಡು, ಕಾಲುವೆಯನ್ನು ಒಂದೇ ನೆಗೆತಕ್ಕೆ ದಾಟಿದರು. ಅರವತ್ತು ದಾಟಿದ ದಪ್ಪ ಹೆಂಗಸು. ಮಣೆಯ ಅಂಚಿನಿಂದ ಅಜ್ಜಿಯ ಮುಂಗೈಗೆ ಮೇಲಿನಿಂದ ಬಲವಾಗಿ ಹೊಡೆದರು. ಕೈ ಕಳಚಿತು. ಅಜ್ಜಿ ಹಿಂದಕ್ಕೆ ಬಿದ್ದಳು. ನಾನು ಸ್ವಿಚ್ಚು ಆರಿಸಿದಾಗ ಮಣೆ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.

ಹೊರಗೆ ಬಂದರೆ ಶಿವಗಂಗಮ್ಮ ಒದ್ದೆ ನೆಲದ ಮೇಲೆ, ಕೋಳಿ ಹೊಟ್ಟಿನ ನಡುವೆ ಕೂತು, ಅಜ್ಜಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಂಗಾಲು ತಿಕ್ಕು ಎಂದು ನನಗೆ ಹೇಳುತ್ತಿದ್ದರು. ತಮ್ಮ ಕುಕ್ಕುವಾಡದ ತೋಟದಲ್ಲಿ ಪಂಪ್‌ಸೆಟ್ಟಿನ ಡಬ್ಬಿ ಹಿಡಿದವನನ್ನು ಬಿಡಿಸಲು ಹೋಗಿ ಇಬ್ಬರು ಉಳಿಯದೆ ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರಂತೆ. ಅದನ್ನು ಆಮೇಲೆ ಹೇಳಿದರು. ಆಗ ಅವರು ಹೇಳುತ್ತಿದ್ದದ್ದು ಒಂದೇ, ಹಾಲಮ್ಮ, ಹಾಲಮ್ಮ. ಅಜ್ಜಿ ಕಣ್ಣು ತೆರೆದಳು. ಕನ್ನಡಕ ಎಲ್ಲೋ ಹಾರಿಹೋಗಿತ್ತು. ತನ್ನ ತಲೆ ಯಾರ ತೊಡೆಯ ಮೇಲಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಂಗೈಯಲ್ಲಿ ಜಾಲರಿಯ ಗುರುತು ಕೆಂಪಗೆ ಅಚ್ಚೊತ್ತಿತ್ತು.

"ಮರಿ ಎಲ್ಲಿ ಅಮ್ಮಾರೆ?"

ಮರಿಗಳಿಗೆ ಏನೂ ಆಗಿರಲಿಲ್ಲ. ಒಣ ಹಲಗೆ, ಒಣ ಹೊಟ್ಟಿನ ಮೇಲಿದ್ದ ಅವಕ್ಕೆ ಕರೆಂಟಿನ ಸುದ್ದಿಯೇ ತಿಳಿದಿರಲಿಲ್ಲ. ತೆರೆದ ಬಾಗಿಲಿನಿಂದ ಇಳಿದು, ಕಾಲುವೆ ದಾಟಿ, ಆಚೆ ಸೇರಿದ್ದವು. ಶಿವಗಂಗಮ್ಮ ಕತ್ತು ಹೊರಳಿಸಿ ನೋಡಿದರು. ಅವರ ಕಣ್ಣಲ್ಲಿ ನೀರಿತ್ತು.

"ನನ್ನ ಮಲ್ಲಿಗೆ ಬುಡ ಕೆದರಾಕೆ ಹತ್ಯಾವೆ ನಿನ್ನ ಮರಿ. ಏಳು, ಎದ್ದು ಹಿಡ್ಕೊ."

ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ಎದೆ ಪರೀಕ್ಷೆ ಮಾಡಿ ಕಳಿಸಿದರು. ಕೈಗೆ ಬ್ಯಾಂಡೇಜು. ಅಪ್ಪ ಫ್ಯಾಕ್ಟರಿಯಿಂದ ಬಂದವನು ಮೊದಲು ಹಿತ್ತಲಿಗೆ ಹೋಗಿ ಗೂಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ಕುಡುಗೋಲಿನ ಅಂಚು ವೈರಿನ ರಬ್ಬರನ್ನು ಕತ್ತರಿಸಿ ಒಳಗಿನ ತಾಮ್ರಕ್ಕೆ ತಾಗಿತ್ತು. ತಾನೇ ಕಟ್ಟಿದ್ದು, ತಾನೇ ಬಿಗಿದದ್ದು, ಅಲುಗಾಡಬಾರದೆಂದು ಮೂರು ಸುತ್ತು ಹೆಚ್ಚಾಗಿ. ಅಜ್ಜಿ ಮನೆಗೆ ಬಂದ ದಿನ ಅವನು ಸುತ್ತಿಗೆ ಹಿಡಿದುಕೊಂಡೇ ಅವಳ ಮಂಚದ ಹತ್ತಿರ ಬಂದ. ಗೂಡು ಒಡೆದು ಹಾಕುತ್ತೇನೆ, ಮರಿಗಳನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದ.

"ಸೋಮವಾರ ನಾನೇ ಕರ್ಕೊಂಡೋಗಿ ಊರಿಗೆ ಬಿಡ್ತೀನವ್ವ."

ಅಜ್ಜಿ ಅವನನ್ನೇ ನೋಡಿದಳು.

"ಹತ್ತು ವರ್ಷಕ್ಕೆ ನಿನ್ನ ಈ ಊರಿಗೆ ಕಳಿಸಿದ್ವಿ. ಸುತ್ತಿಗೆ ಏಟು ಬೆರಳಿಗೆ ಬಿದ್ದು, ಅಳ್ತಾ ಓಡಿ ಬಂದಿದ್ದಿ. ನಾ ಏನಂದೆ?"

ಅಪ್ಪ ಸುತ್ತಿಗೆಯನ್ನು ನೆಲಕ್ಕಿಟ್ಟ.

"ವಾಪಸ್ ಹೋಗು ಅಂದಿ."

"ಹ್ಞೂಂ. ಬೆರಳಿಗೆ ಅರಿಶಿಣ ಕಟ್ಟಿ, ಹೋಗಿ ಕೆಲಸ ಕಲ್ತು ಬಾ ಅಂದೆ. ಬಸ್ ಹತ್ಸಿ ಮನೀಗೆ ಬಂದು ನಾ ಎಷ್ಟು ಅತ್ತೀನಿ ನಿಂಗೇನು ಗೊತ್ತು. ಈಗ ನೀ ಕಲ್ತಿದ್ದಿ. ಸುತ್ತಿಗೆ ಒಡ್ಯಾಕೆ ಅಲ್ಲ. ಹೋಗಿ ಸರಿ ಮಾಡು."

ಅಪ್ಪ ಹೊರಗೆ ಹೋದ. ನಾನು ಹಿಂದೆಯೇ ಹೋಗಿ, ಬಚ್ಚಲು ಮನೆಯ ಗೋಡೆಗೆ ಆತು ನಿಂತು, ಭಾನುವಾರ ಸಂಜೆಯ ಜುಮ್ ಎಂದದ್ದನ್ನು ಹೇಳಿಬಿಟ್ಟೆ. ಎರಡು ಸಲ ಮುಟ್ಟಿದ್ದು, ಹೇಳದೆ ಇದ್ದದ್ದು, ನಕ್ಕದ್ದು. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಹಗುರಾಗುತ್ತಿತ್ತೋ ಏನೋ. ಅವನು ನನ್ನ ಕೈಯನ್ನು ತೆಗೆದುಕೊಂಡು ಬೆರಳುಗಳನ್ನು ಒಂದೊಂದಾಗಿ ನೋಡಿದ.

"ಕೈಗೆ ಏನಾದ್ರೂ ಅನ್ಸಿದ್ರೆ ಬಾಯಿ ಮುಚ್ಚಬ್ಯಾಡ. ಯಾರು ನಗ್ತಾ ಇರ್ಲಿ, ನಿಲ್ಸಿ ಹೇಳು."

ನನಗೆ ಒಂದು ಟೆಸ್ಟರ್ ಕೊಟ್ಟ. ಗೂಡಿನ ಕರೆಂಟಿನ ಜವಾಬ್ದಾರಿ ಇನ್ನು ನನ್ನದು ಎಂದ. ಕೈಬೆನ್ನಿನ ಪಾಠವನ್ನೂ ಹೇಳಿಕೊಟ್ಟದ್ದು ಆಗಲೇ. ನಾನು ಮುಂದೆ ಏನು ಓದಬೇಕೆಂದು ಯಾರೂ ನನ್ನನ್ನು ಕೇಳುವ ಅಗತ್ಯ ಬೀಳಲಿಲ್ಲ.

ಎರಡನೆಯ ಸಲ ಕಟ್ಟುವಾಗ ಅಪ್ಪ ನಕ್ಷೆ ಬರೆಯಲಿಲ್ಲ. ವೈರನ್ನು ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿ ತಂದ, ಬಲ್ಬನ್ನು ಮರದ ತುಂಡಿಗೆ ಕೂರಿಸಿದ. ಬಾಗಿಲ ಜಾಲರಿಯನ್ನು ಕಿತ್ತುಹಾಕಿದ. ಮರದ ಬಾಗಿಲಿಗೆ ಹಲಗೆ ಹುಡುಕುತ್ತಿದ್ದಾಗ ಶಿವಗಂಗಮ್ಮ ಆಚೆಯಿಂದ ತಮ್ಮ ಮಣೆಯನ್ನು ಚಾಚಿದರು. ಹಳೆಯ ಹಲಸಿನ ಮಣೆ, ಹೊಡೆತಕ್ಕೆ ಅಂಚು ಸೀಳಿತ್ತು.

"ಕೋಳಿ ಗೂಡಿಗೆ ತಾಗೈತೆ. ನನ್ನ ಪೂಜೆಗಂತೂ ಇನ್ನ ಬರಲ್ಲ. ಬಾಗ್ಲಿಗೆ ಹಾಕ್ಕೊ."

ಅಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡ. ಅದೇ ವಾರ ಅವರಿಗೆ ಹೊಸ ಮಣೆ ಮಾಡಿಕೊಟ್ಟ, ಒಂದು ನೂಲು ಹೆಚ್ಚಿಲ್ಲ, ಒಂದು ನೂಲು ಕಡಿಮೆಯಿಲ್ಲ. ಕೊನೆಗೆ ಗೂಡಿನ ಪಕ್ಕ ಎದೆಯುದ್ದ ಗುಂಡಿ ತೋಡಿದ. ಅರ್ಥಿಂಗ್ ಮಾಡಬೇಕು, ಮತ್ತೆ ಯಾವತ್ತಾದರೂ ಕರೆಂಟು ಕಬ್ಬಿಣಕ್ಕೆ ತಾಗಿದರೆ ಅದು ನೆಲಕ್ಕೆ ಇಳಿದು ಫ್ಯೂಸು ಹಾರಿಹೋಗಬೇಕು ಎಂದು ನನಗೆ ಹೇಳುತ್ತಾ ತೋಡಿದ. ಅಜ್ಜಿ ಹಿತ್ತಲಿಗೆ ಮಂಚ ಹಾಕಿಸಿಕೊಂಡು, ಬ್ಯಾಂಡೇಜಿನ ಕೈ ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು. ಗುಂಡಿಗೆ ಒಂದು ಕಬ್ಬಿಣದ ಪೈಪು ಇಳಿಸಿ, ಗೂಡಿನ ಚೌಕಟ್ಟಿನಿಂದ ಅದಕ್ಕೆ ತಂತಿ ಎಳೆದ. ಸುತ್ತ ಒಂದು ಪದರ ಉಪ್ಪು ಹಾಕಿದ. ಆಮೇಲೆ ಒಂದು ಚೀಲ ತಂದು ಬಗ್ಗಿಸಿದ.

"ಏನಪ್ಪ ಅದು ಕರ್ರಗೆ?"

"ಇದ್ದಿಲವ್ವ."

"ಆ ಪೈಪು ಕಬ್ಬಿಣದ್ದೇನು?"

"ಹೌದು."

ಅಜ್ಜಿ ಮಂಚದ ಮೇಲೆ ನೆಟ್ಟಗೆ ಕೂತಳು. ಕಾಲುವೆಯ ಆಚೆಗೂ ಕೇಳುವಂತೆ ಹೇಳಿದಳು.

"ಕಬ್ಬಿಣ, ಇದ್ದಿಲು ಇರ್ಲಿ, ಮರಿ ಕಾಯ್ತಾವೆ ಅಂತ ನಾ ಮೊದ್ಲೇ ಹೇಳ್ಲಿಲ್ಲೇನು? ಮ್ಯಾಲೆ ಕಟ್ಟಿದಾವ ನೀನು. ಕೆಳಗೆ ಇಡಬೇಕಿತ್ತು."

ಅಪ್ಪ ಗುಂಡಿಯೊಳಗೇ ನಿಂತು ನಗತೊಡಗಿದ. ಎದೆಯ ತನಕ ಮಣ್ಣು, ಮುಖಕ್ಕೆಲ್ಲ ಇದ್ದಿಲು. ನಗು ನಿಂತ ಮೇಲೆ ಆ ಕುಡುಗೋಲನ್ನು ಕೇಳಿ ತೆಗೆದುಕೊಂಡು, ಪೈಪಿನ ಬುಡಕ್ಕೆ ತಂತಿಯಿಂದ ಕಟ್ಟಿದ. ಈ ಸಲವೂ ಮೂರು ಸುತ್ತು ಹೆಚ್ಚಾಗಿ. ನಾನು ಮಣ್ಣು ಎಳೆದೆ.

ಕರೆಂಟು ಇದ್ದಾಗಲೇ ಪರೀಕ್ಷೆ ಮಾಡಿದೆವು. ನಾನು ಮೊದಲು ಟೆಸ್ಟರ್ ಹಿಡಿದೆ, ಚೌಕಟ್ಟಿಗೆ, ಜಾಲರಿಗೆ, ನಾಲ್ಕೂ ಮೂಲೆಗೆ. ದೀಪ ಹತ್ತಲಿಲ್ಲ. ಅಪ್ಪ ಚಪ್ಪಲಿ ಬಿಟ್ಟು, ಕಾಲಿಗೆ ನೀರು ಸುರಿದುಕೊಂಡು, ಕೈಬೆನ್ನಿನಿಂದ ಮುಟ್ಟಿದ. ಸುಮ್ಮನೆ ನಿಂತ. ಆಮೇಲೆ ಅಂಗೈಯಿಂದ ಮುಟ್ಟಿದ. ಅಮ್ಮ ಉಸಿರು ಬಿಟ್ಟಳು. ಅಜ್ಜಿ ಮಂಚದಿಂದ ಇಳಿದು ಬಂದಳು. ಬೇಡವೆಂದರೂ ಕೇಳಲಿಲ್ಲ. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು, ಚೆನ್ನಾಗಿದ್ದ ಬಲಗೈಯ ಬೆನ್ನನ್ನು ಜಾಲರಿಗೆ ಒತ್ತಿದಳು, ಜ್ವರ ಬಂದ ಮಗುವಿನ ಹಣೆ ನೋಡುವ ಹಾಗೆ. ತಣ್ಣಗೈತೆ ಎಂದಳು. ಮರಿಗಳನ್ನು ಮತ್ತೆ ನಾಲ್ಕು ನಾಲ್ಕಾಗಿ ತುಂಬಿಸಿದೆವು. ಅಜ್ಜಿಯ ಸೆರಗಿಗೆ ಹಾಕುವವಳು ನಾನು, ಬಲಗಾಲು ಮುಂದಿಡುವವಳು ಅವಳು, ಮಣೆಯ ಬಾಗಿಲು ಹಿಡಿದುಕೊಳ್ಳುವವನು ಅಪ್ಪ. ಶಿವಗಂಗಮ್ಮ ಆಚೆಯಿಂದ ಎಣಿಸಿದರು. ಇಪ್ಪತ್ನಾಲ್ಕು.

ಶನಿವಾರ ಅಜ್ಜಿ ನನ್ನನ್ನು ಕರೆದು ಟ್ರಂಕನ್ನು ಹೊರಗೆ ಎಳೆದು ತಾ ಎಂದಳು. ಅಪ್ಪ ಊಟಕ್ಕೆ ಕೂತಿದ್ದ, ಕೈ ನಿಲ್ಲಿಸಿದ. ನಾನು ಎಳೆದು ತಂದೆ. ಅಜ್ಜಿ ಚಿಲಕ ತೆಗೆದು, ಸೀರೆಗಳನ್ನೆಲ್ಲ ಎತ್ತಿ ಅಮ್ಮನ ಕೈಗೆ ಕೊಟ್ಟಳು. ಎಲ್ಲಿ ಇಡಲಿ ಅತ್ತೆ ಎಂದು ಅಮ್ಮ ಕೇಳಿದಳು. ಅವತ್ತು ಗೋಡೆಯ ಗೂಡಿನಲ್ಲಿ ಜಾಗ ಮಾಡಿದ್ದಿಯಲ್ಲ, ಅಲ್ಲಿ ಎಂದಳು ಅಜ್ಜಿ. ಖಾಲಿ ಟ್ರಂಕನ್ನು ಬಗ್ಗಿಸಿ, ತಟ್ಟಿ, ಒಳಗೆ ಒಣ ಬಟ್ಟೆಯಿಂದ ಒರೆಸಿದಳು. ಆಮೇಲೆ ಮೂಲೆಯಲ್ಲಿದ್ದ ಕೋಳಿ ನುಚ್ಚಿನ ಚೀಲವನ್ನು ಒಂದೇ ಕೈಯಲ್ಲಿ ಎಳೆದು, ನನ್ನಿಂದ ಬಾಯಿ ಬಿಚ್ಚಿಸಿ, ಟ್ರಂಕಿಗೆ ಸುರಿದಳು. ತಗಡಿನ ಮೇಲೆ ಮಳೆ ಬಿದ್ದಂತೆ ಸದ್ದಾಯಿತು.

"ಚೀಲದಾಗೆ ಇಲಿ ತಿಂತಾವೆ," ಎಂದಳು, ಯಾರೂ ಕೇಳದಿದ್ದರೂ.

ಅಪ್ಪ ಇನ್ನೊಂದು ರೊಟ್ಟಿ ಹಾಕು ಎಂದ. ಸೋಮವಾರ ಭಾನುವಳ್ಳಿಯ ಬಸ್ಸು ನಮ್ಮ ಓಣಿಯ ತುದಿಯಲ್ಲಿ ಹಾರನ್ ಹೊಡೆದುಕೊಂಡು ಹೋದಾಗ ಅಜ್ಜಿ ಹಿತ್ತಲಲ್ಲಿ ನುಚ್ಚು ಚೆಲ್ಲುತ್ತಿದ್ದಳು. ತಲೆ ಎತ್ತಲಿಲ್ಲ.